ಹವಳ ಕಾಯುವ ಕೆಲಸ: ಉತ್ತರ ಕನ್ನಡದ ಕರಾವಳಿಯಿಂದಲೇ ಶುರು ಮಾಡುವುದು ಹೇಗೆ?

ಮುರುಡೇಶ್ವರದಿಂದ ಬೋಟ್ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಒಮ್ಮೆ ಸ್ಕೂಬಾ ಮಾಡಿ ಬಂದವರಲ್ಲಿ ಕೆಲವರಿಗೆ ತಲೆಯಲ್ಲಿ ಹುಳ ಹೊಕ್ಕುತ್ತದೆ. ಇದನ್ನೇ ಕೆಲಸ ಮಾಡಿಕೊಳ್ಳಬಹುದಾ ಅಂತ. ಮಾಡಿಕೊಳ್ಳಬಹುದು. ಆದರೆ ಒಂದು ವಿಷಯ ಮೊದಲೇ ಗೊತ್ತಿರಲಿ. ಹವಳ ಸಂರಕ್ಷಣೆ ಅಂದರೆ ದಿನಾ ಡೈವಿಂಗ್ ಅಂತ ಅಂದುಕೊಂಡು ಬಂದವರು ಎರಡನೇ ವರ್ಷಕ್ಕೇ ಬೇಜಾರಾಗಿ ಬಿಟ್ಟು ಹೋಗುತ್ತಾರೆ. ನೀರಿನ ಕೆಳಗೆ ಕಳೆಯುವುದು ಗಂಟೆಗಳ ಲೆಕ್ಕ. ಉಳಿದದ್ದೆಲ್ಲ ಬಂದರಿನಲ್ಲಿ, ಬೋಟಿನಲ್ಲಿ, ಕಂಪ್ಯೂಟರ್ ಮುಂದೆ ಮತ್ತು ಸರ್ಕಾರಿ ಕಚೇರಿಯ ಬೆಂಚಿನ ಮೇಲೆ ಹೋಗುತ್ತದೆ. ಅದೂ ಇಷ್ಟವಾಗುತ್ತದೆ ಅನ್ನುವವರು ಮುಂದೆ ಓದಿ.

ಮೊದಲು ನಮ್ಮ ಸಮುದ್ರ ಎಂಥದ್ದು ಅಂತ ತಿಳಿದುಕೊಳ್ಳಿ

ಭಾರತದಲ್ಲಿ ದೊಡ್ಡ ಹವಳದ ದಿಬ್ಬಗಳಿರುವುದು ನಾಲ್ಕು ಕಡೆ: ಲಕ್ಷದ್ವೀಪ, ಅಂಡಮಾನ್–ನಿಕೋಬಾರ್, ಮನ್ನಾರ್ ಕೊಲ್ಲಿ–ಪಾಕ್ ಕೊಲ್ಲಿ, ಮತ್ತು ಕಛ್ ಕೊಲ್ಲಿ. ಕರ್ನಾಟಕ ಈ ಪಟ್ಟಿಯಲ್ಲಿಲ್ಲ. ನೇತ್ರಾಣಿಯಲ್ಲಿ ಇರುವುದು ಬಂಡೆಗಳ ಮೇಲೆ ಅಲ್ಲಲ್ಲಿ ಕೂತ ಹವಳ. ಲಕ್ಷದ್ವೀಪದಂತೆ ಹವಳವೇ ಕಟ್ಟಿದ ದ್ವೀಪ ಅದಲ್ಲ.

ಯಾಕೆ ಹೀಗೆ? ಹವಳದ ಜೀವಿಯ ಒಳಗೆ ಸಣ್ಣ ಪಾಚಿ ವಾಸವಾಗಿರುತ್ತದೆ. ಅದು ಬಿಸಿಲಿನಿಂದ ಮಾಡುವ ಆಹಾರವೇ ಹವಳಕ್ಕೆ ಮುಖ್ಯ ಊಟ. ಹಾಗಾಗಿ ತಿಳಿ ನೀರು ಬೇಕು, ಉಪ್ಪಿನ ಅಂಶ ಜಾಸ್ತಿ ಏರಿಳಿಯಬಾರದು. ನಮ್ಮಲ್ಲಿ ಮಳೆಗಾಲ ಬಂತೆಂದರೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಘಟ್ಟದ ಕೆಂಪು ಮಣ್ಣು ಹೊತ್ತು ಅಳಿವೆಗೆ ಬರುತ್ತವೆ. ದಡದ ಹತ್ತಿರದ ಬಂಡೆ ಮೇಲೆ ಹೂಳು ಕೂರುತ್ತದೆ. ನೇತ್ರಾಣಿ ದಡದಿಂದ ಸುಮಾರು 19 ಕಿ.ಮೀ. ಹೊರಗಿದೆ, ಅದಕ್ಕೇ ಅಲ್ಲಿ ಹವಳ ಉಳಿದಿದೆ.

ಇದರಿಂದ ಒಂದು ಅರ್ಥ ಮಾಡಿಕೊಳ್ಳಬೇಕು. ಶಿರಸಿ ಕಡೆ ಒಂದು ಗುಡ್ಡ ಕಡಿದರೆ, ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ತೆಗೆದರೆ, ಅದರ ಮಣ್ಣು ಸಮುದ್ರಕ್ಕೇ ಹೋಗುವುದು. ಆದ್ದರಿಂದ ಈ ಜಿಲ್ಲೆಯಲ್ಲಿ ಹವಳದ ಕೆಲಸ ಮಾಡುವವನಿಗೆ ಅಳಿವೆ, ಗಜನಿ (ಉಪ್ಪುನೀರು ನುಗ್ಗುವ ಗದ್ದೆ), ಬೆಳಚು (ಅಳಿವೆಯ ಚಿಪ್ಪಿನ ಜೀವಿ), ಕಡಲಾಮೆ ಎಲ್ಲವೂ ಕೆಲಸವೇ. ಬರೀ ಹವಳ ಅಂತ ಹಟ ಹಿಡಿದರೆ ಇಲ್ಲಿ ಹೊಟ್ಟೆ ತುಂಬುವುದಿಲ್ಲ.

ಇನ್ನು ಜಾಗಗಳು. ಹೊನ್ನಾವರದ ಅಪ್ಸರಕೊಂಡ–ಮುಗಳಿ ಭಾಗ ರಾಜ್ಯದ ಮೊದಲ ಸಾಗರ ವನ್ಯಜೀವಿ ಧಾಮ. ಸುಮಾರು 6 ಸಾವಿರ ಹೆಕ್ಟೇರ್, ಅದರಲ್ಲಿ ಬಹುಪಾಲು ನೀರು. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, 4,801 ಹೆಕ್ಟೇರ್. ಹೊನ್ನಾವರ ಹತ್ತಿರದ ಕಾಸರಕೋಡದ ಟೊಂಕದ ದಂಡೆಯಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಕಾರವಾರದ ಎದುರು ಕೂರ್ಮಗಡ, ದೇವಗಡ, ಅಂಜುದೀವ ಇವೆ. ಅಂಜುದೀವ ನೌಕಾಪಡೆಯ ಕೈಯಲ್ಲಿದೆ, ಸುಮ್ನೆ ಕ್ಯಾಮೆರಾ ಹಿಡಿದು ಆ ಕಡೆ ಹೋಗಬೇಡಿ.

ಎರಡನೇ ಹೆಜ್ಜೆ: ಯಾವ ಬಾಗಿಲಿನಿಂದ ಒಳಗೆ ಹೋಗುತ್ತೀರಿ?

ಬಾಗಿಲು ಮುಖ್ಯವಾಗಿ ಮೂರು: ಅರಣ್ಯ ಇಲಾಖೆ, ವಿಜ್ಞಾನ, ಸಂಘ–ಸಂಸ್ಥೆ. ಡೈವಿಂಗ್ ಕೇಂದ್ರದ ಕೆಲಸ ನಾಲ್ಕನೆಯದು ಅನ್ನಬಹುದು. ಆದರೆ ಅದು ಪ್ರವಾಸೋದ್ಯಮ. ಸಂರಕ್ಷಣೆಗೆ ಮೆಟ್ಟಿಲಾಗಬಹುದು, ಅಷ್ಟೇ.

ಧಾಮವನ್ನು ನಡೆಸುವ ಅಧಿಕಾರ ಇರುವುದು ಅರಣ್ಯ ಇಲಾಖೆಗೆ. ಕಾರವಾರದಲ್ಲಿ ಇಲಾಖೆಯ ಕರಾವಳಿ ಮತ್ತು ಸಾಗರ ಪರಿಸರ ಘಟಕವೇ ಇದೆ. ಪಿಯುಸಿ ಮುಗಿಸಿದವರು ಗಸ್ತು ಅರಣ್ಯ ಪಾಲಕ ಹುದ್ದೆಗೆ ಅರ್ಜಿ ಹಾಕಬಹುದು, ಓಟ–ಜಿಗಿತದ ಪರೀಕ್ಷೆ ಇರುತ್ತದೆ. ಶಿರಸಿಯ ಅರಣ್ಯ ಮಹಾವಿದ್ಯಾಲಯದಲ್ಲಿ ಬಿಎಸ್ಸಿ ಅರಣ್ಯಶಾಸ್ತ್ರ ಓದಿದವರಿಗೆ ವಲಯ ಅರಣ್ಯಾಧಿಕಾರಿ ನೇಮಕಾತಿಯಲ್ಲಿ ಪ್ರತ್ಯೇಕ ಪಾಲು ಸಿಗುತ್ತ ಬಂದಿದೆ. ಪಾಲಿನ ಪ್ರಮಾಣ ಬದಲಾಗುತ್ತಿರುತ್ತದೆ, ಆ ವರ್ಷದ ಅಧಿಸೂಚನೆ ನೋಡಿಯೇ ಲೆಕ್ಕ ಹಾಕಿ. ಎಲ್ಲಕ್ಕಿಂತ ಮೇಲಿನ ದಾರಿ ಯುಪಿಎಸ್‌ಸಿಯ ಭಾರತೀಯ ಅರಣ್ಯ ಸೇವೆ. ಪ್ರಿಲಿಮ್ಸ್ ಐಎಎಸ್ ಜೊತೆ ಒಂದೇ. ಆದರೆ ಪದವಿಯಲ್ಲಿ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನದಂಥ ಒಂದು ವಿಷಯ ಇರಬೇಕು, ಇಲ್ಲವೇ ಕೃಷಿ, ಅರಣ್ಯ, ಎಂಜಿನಿಯರಿಂಗ್ ಪದವಿ ಆಗಿರಬೇಕು. ಬಿಎ, ಬಿಕಾಂ ಮಾಡಿದವರಿಗೆ ಈ ಬಾಗಿಲು ಇಲ್ಲ.

ಇಲಾಖೆ ಸೇರುವವರಿಗೆ ಒಂದು ಮಾತು. ಸಮುದ್ರಕ್ಕೇ ಹಾಕಿ ಅಂತ ಕೇಳುವ ಹಾಗಿಲ್ಲ. ಮೊದಲ ಪೋಸ್ಟಿಂಗ್ ಹಳಿಯಾಳದ ತೇಗದ ಕಾಡಿಗೂ ಆಗಬಹುದು, ಬಂಡೀಪುರಕ್ಕೂ ಆಗಬಹುದು. ಕಾಡಿನಲ್ಲಿ ಕಲಿತ ಕೇಸು ಬರೆಯುವುದು, ಮಹಜರು ಮಾಡುವುದು ಆಮೇಲೆ ಕಡಲಲ್ಲೂ ಕೆಲಸಕ್ಕೆ ಬರುತ್ತದೆ.

ವಿಜ್ಞಾನದ ಕಡೆ ಹೋಗುವವರಿಗೆ ಉತ್ತರ ಕನ್ನಡದಷ್ಟು ಅನುಕೂಲ ರಾಜ್ಯದಲ್ಲಿ ಬೇರೆಲ್ಲೂ ಕಡಿಮೆ. ಪಿಯುಸಿಯಲ್ಲಿ ಜೀವಶಾಸ್ತ್ರ ಇರಲಿ, ಗಣಿತವೂ ಇದ್ದರೆ ಒಳ್ಳೆಯದು. ಊರ ಹತ್ತಿರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಬಿಎಸ್ಸಿ ಮಾಡಿ, ಆಮೇಲೆ ಕಾರವಾರ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದಲ್ಲಿ ಸಾಗರ ಜೀವಶಾಸ್ತ್ರದ ಎಂಎಸ್ಸಿ ಸೇರಬಹುದು. ಕಾಳಿ ಅಳಿವೆ ಪಕ್ಕದಲ್ಲೇ ಇದೆ, ಪ್ರಯೋಗಕ್ಕೆ ಬಸ್ ಹಿಡಿಯಬೇಕಿಲ್ಲ. ಇನ್ನೊಂದು ದಾರಿ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ನಾಲ್ಕು ವರ್ಷದ ಬಿಎಫ್‌ಎಸ್ಸಿ. ಇದಕ್ಕೆ ಸಿಇಟಿ ಮೂಲಕ ಸೀಟು, ಕೃಷಿಕರ ಮಕ್ಕಳಿಗೆ ಕೋಟಾ ಉಂಟು. ನನ್ನ ಪ್ರಕಾರ ಕೆಲಸ ಸಿಗುವ ದೃಷ್ಟಿಯಲ್ಲಿ ಬಿಎಫ್‌ಎಸ್ಸಿ ಜಾಸ್ತಿ ಭದ್ರ. ಮೀನುಗಾರಿಕೆ ಇಲಾಖೆ, ಬ್ಯಾಂಕು, ಸಂಶೋಧನೆ ಮೂರೂ ಕಡೆ ನಡೆಯುತ್ತದೆ. ಕಾರವಾರದಲ್ಲೇ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ. ಗೋವಾದ ಡೋನಾ ಪೌಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ, ಕಾರವಾರದಿಂದ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾದ ಎನ್‌ಸಿಬಿಎಸ್‌ನ ವನ್ಯಜೀವಿ ಎಂಎಸ್ಸಿಗೆ ಸೀಟು ಬಹಳ ಕಡಿಮೆ, ಆದರೆ ಅಲ್ಲಿಂದ ಬಂದವರಿಗೆ ದೇಶದೆಲ್ಲೆಡೆ ಮರ್ಯಾದೆ.

ಸಂಸ್ಥೆಗಳಲ್ಲಿ ಕಾಸರಕೋಡದ ಸ್ನೇಹಕುಂಜ, ಬೆಂಗಳೂರಿನ ದಕ್ಷಿಣ್ ಫೌಂಡೇಶನ್, ಲಕ್ಷದ್ವೀಪದ ಹವಳವನ್ನು ವರ್ಷಗಟ್ಟಲೆ ಗಮನಿಸುತ್ತ ಬಂದಿರುವ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್, ಅಂಡಮಾನಿನಲ್ಲಿ ಕೆಲಸ ಮಾಡುವ ರೀಫ್‌ವಾಚ್ ಹೆಸರು ನೆನಪಿಟ್ಟುಕೊಳ್ಳಿ. ಇಲ್ಲಿ ಡಿಗ್ರಿಗಿಂತ ಕೆಲಸ ಗೊತ್ತಿದೆಯಾ ಅನ್ನುವುದನ್ನು ನೋಡುತ್ತಾರೆ.

ಮೂರನೇ ಹೆಜ್ಜೆ: ನೀರು

ಈಜು ಬರಬೇಕು. ಕೆರೆಯಲ್ಲಿ ಕೈಕಾಲು ಬಡಿಯುವ ಈಜು ಸಾಲದು. ಡೈವಿಂಗ್ ಕೋರ್ಸಿನಲ್ಲಿ 200 ಮೀಟರ್ ನಿಲ್ಲದೆ ಈಜಿ ತೋರಿಸಬೇಕು, 10 ನಿಮಿಷ ಯಾವ ಆಸರೆಯೂ ಇಲ್ಲದೆ ತೇಲಬೇಕು.

ಪ್ರವಾಸಿಗರಿಗೆ ನೇತ್ರಾಣಿಯಲ್ಲಿ ಮಾಡಿಸುವುದು ಟ್ರೈ ಡೈವ್. ತರಬೇತುದಾರ ಹಿಂದಿನಿಂದ ಹಿಡಿದುಕೊಂಡೇ ಇರುತ್ತಾನೆ. ಅದರ ಸರ್ಟಿಫಿಕೇಟು ಗೋಡೆಗೆ ಚೆಂದ, ಅರ್ಜಿಗೆ ಬರುವುದಿಲ್ಲ. ನಿಮಗೆ ಬೇಕಾದದ್ದು ಡೈವಿಂಗ್ ಸರ್ಟಿಫಿಕೇಟು ಕೊಡುವ ಅಂತರರಾಷ್ಟ್ರೀಯ ಸಂಸ್ಥೆಗಳಾದ ಪಾಡಿ ಅಥವಾ ಎಸ್‌ಎಸ್‌ಐನ ಓಪನ್ ವಾಟರ್ ಕೋರ್ಸ್. ಮೂರು–ನಾಲ್ಕು ದಿನ ಹಿಡಿಯುತ್ತದೆ, 18 ಮೀಟರ್ ಆಳದವರೆಗೆ ಪರವಾನಗಿ. ಮುಂದೆ ಅಡ್ವಾನ್ಸ್‌ಡ್, 30 ಮೀಟರ್. ಸಂಶೋಧನಾ ತಂಡಗಳು ಸಾಮಾನ್ಯವಾಗಿ ಅಡ್ವಾನ್ಸ್‌ಡ್ ಜೊತೆಗೆ ರೆಸ್ಕ್ಯೂ ಇದ್ದವರನ್ನು ಇಷ್ಟಪಡುತ್ತವೆ. ಆಸ್ತಮಾ, ಕಿವಿ ಸೋರುವುದು, ಸೈನಸ್ ಇದ್ದರೆ ದುಡ್ಡು ಕಟ್ಟುವ ಮೊದಲೇ ಡಾಕ್ಟರ ಹತ್ತಿರ ತೋರಿಸಿ.

ಕೋರ್ಸ್ ದುಬಾರಿ, ಸುಳ್ಳು ಹೇಳುವುದಿಲ್ಲ. ಮನೆಯಲ್ಲಿ ಸಾಲ ಮಾಡಿಸಿ ಪಿಯುಸಿಯಲ್ಲೇ ಮಾಡುವ ಅಗತ್ಯ ಇಲ್ಲ. ಎಂಎಸ್ಸಿ ಹೊತ್ತಿಗೆ ಮಾಡಿದರೂ ಸಾಕು. ಅಲ್ಲಿಯವರೆಗೆ ಮಾಸ್ಕ್, ಸ್ನಾರ್ಕಲ್ ಸಾಕು. ಇನ್ನೊಂದು ವಿಷಯ: ದಂಡೆಯ ಬಂಡೆಗಳಿಂದ ನೀಲಿಕಲ್ಲು (ಬಂಡೆಗೆ ಅಂಟಿ ಬೆಳೆಯುವ ಚಿಪ್ಪಿನ ಜೀವಿ) ಕೀಳುವವರನ್ನು ನೋಡಿದ್ದೀರಾ? ಸಿಲಿಂಡರ್ ಇಲ್ಲ, ಏನೂ ಇಲ್ಲ, ಉಸಿರು ಕಟ್ಟಿ ಮುಳುಗುತ್ತಾರೆ. ಯಾವ ಬಂಡೆಯ ಸುತ್ತ ಸೆಳೆತ ಹೇಗೆ ಅಂತ ಅವರಿಗೆ ಗೊತ್ತಿರುವಷ್ಟು ಯಾವ ಮ್ಯಾಪಿಗೂ ಗೊತ್ತಿಲ್ಲ. ಅವರ ಮನೆಯ ಹುಡುಗ ಹುಡುಗಿಯರು ಈ ಕೆಲಸಕ್ಕೆ ಬಂದರೆ ಅರ್ಧ ತರಬೇತಿ ಆಗಿಯೇ ಬಂದಿರುತ್ತಾರೆ. ಬರುವವರು ಕಡಿಮೆ ಅನ್ನುವುದೇ ಬೇಸರ.

ನಾಲ್ಕನೇ ಹೆಜ್ಜೆ: ಎಣಿಸುವುದನ್ನು ಕಲಿಯಿರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಕೆಲಸದ ತಿರುಳು ಇದೇ. "ನೇತ್ರಾಣಿಯ ಹವಳ ಹಾಳಾಗುತ್ತಿದೆ" ಅಂತ ಯಾರು ಬೇಕಾದರೂ ಹೇಳಬಹುದು. ಹೋದ ವರ್ಷ ಎಷ್ಟಿತ್ತು, ಈ ವರ್ಷ ಎಷ್ಟಿದೆ ಅಂತ ಹೇಳಬಲ್ಲವನಿಗೆ ಸಂಬಳ ಕೊಡುತ್ತಾರೆ.

ಎಲ್ಲರೂ ಬಳಸುವ ಸರಳ ವಿಧಾನ ಟೇಪು ಹಾಸುವುದು. ರೀಫ್ ಚೆಕ್ ಪದ್ಧತಿಯಲ್ಲಿ 100 ಮೀಟರ್ ಟೇಪನ್ನು ಒಂದೇ ಆಳದಲ್ಲಿ ಹಾಸುತ್ತಾರೆ. ಅದರಲ್ಲಿ 20 ಮೀಟರಿನ ನಾಲ್ಕು ತುಂಡು, ನಡುವೆ 5 ಮೀಟರ್ ಖಾಲಿ. ಪ್ರತಿ ಅರ್ಧ ಮೀಟರಿಗೆ ಟೇಪಿನ ಸರಿಯಾಗಿ ಕೆಳಗೆ ಏನಿದೆ ಅಂತ ಬರೆಯುವುದು: ಗಟ್ಟಿ ಹವಳ, ಮೆದು ಹವಳ, ಈಚೆಗೆ ಸತ್ತ ಹವಳ, ಪಾಚಿ, ಸ್ಪಂಜು, ಬಂಡೆ, ಪುಡಿಗಲ್ಲು, ಮರಳು, ಹೂಳು. ತುಂಡಿಗೆ 40 ಬಿಂದು, ನಾಲ್ಕಕ್ಕೆ 160. ಅದರಲ್ಲಿ 24 ಕಡೆ ಗಟ್ಟಿ ಹವಳ ಸಿಕ್ಕರೆ ಶೇ 15 ಅಂತ ಲೆಕ್ಕ.

ಕೇಳಲು ಸುಲಭ. ನೀರಿಗೆ ಇಳಿದ ಮೇಲೆ ಸೆಳೆತಕ್ಕೆ ಟೇಪು ಬಿಲ್ಲಿನಂತೆ ಬಾಗುತ್ತದೆ. ಅದನ್ನು ಬಂಡೆ ಸಂದಿಗೆ ಸಿಕ್ಕಿಸಬೇಕು, ಆದರೆ ಹವಳಕ್ಕೆ ಸುತ್ತಬಾರದು. ಸ್ಲೇಟಿನ ಮೇಲೆ ಪೆನ್ಸಿಲಿನಲ್ಲಿ ಬರೆಯುವಾಗ ಒಂದು ಕೈ ಹೋಯಿತು. ಫಿನ್ ತಾಗಿ ಹೂಳು ಎದ್ದರೆ ಮುಂದಿನ ನಾಲ್ಕು ಬಿಂದು ಕಾಣುವುದೇ ಇಲ್ಲ. ಹೊಸಬರು ಮಾಡುವ ದೊಡ್ಡ ಎಡವಟ್ಟು ಒಂದಿದೆ: ಟೇಪಿನ ಕೆಳಗೆ ಮರಳಿದ್ದು, ಪಕ್ಕದಲ್ಲೇ ಚೆಂದದ ಹವಳ ಇದ್ದರೆ, ಕೈ ತಾನಾಗಿ ಹವಳ ಅಂತ ಬರೆಯುತ್ತದೆ. ಬಿಂದುವಿನ ಕೆಳಗೆ ಇದ್ದದ್ದನ್ನೇ ಬರೆಯಬೇಕು. ಮರಳಿದ್ದರೆ ಮರಳು.

ಇದನ್ನು ಅಭ್ಯಾಸ ಮಾಡಲು ನೇತ್ರಾಣಿಗೇ ಹೋಗಬೇಕಿಲ್ಲ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸು ಇಳಿತ ಜಾಸ್ತಿ. ಆಗ ಗೋಕರ್ಣದ ಕಡೆಗೋ ಅಪ್ಸರಕೊಂಡದ ಕೆಳಗಿನ ಬಂಡೆಗಳ ಕಡೆಗೋ ಹೋಗಿ 20 ಮೀಟರ್ ಹಗ್ಗ ಹಾಸಿ. ಕಲ್ವ (ಸಿಂಪಿ), ಪಾಚಿ, ಬರೀ ಬಂಡೆ ಅಂತ ಬರೆಯಿರಿ. ಗೆಳೆಯನೊಬ್ಬ ಅದೇ ಹಗ್ಗದ ಮೇಲೆ ಬೇರೆಯಾಗಿ ಬರೆಯಲಿ. ಇಬ್ಬರ ಲೆಕ್ಕ ಎಷ್ಟು ಹೊಂದುತ್ತದೆ ನೋಡಿ. ಮೊದಲ ಸಲ ಹೊಂದುವುದಿಲ್ಲ. ಹೊಂದುವವರೆಗೆ ಮಾಡಿ.

ಹವಳದ ಜಾತಿ ಹೆಸರು ಉರು ಹೊಡೆಯಲು ಹೋಗಬೇಡಿ. ಕುಲದ (ಜೀನಸ್) ಮಟ್ಟಕ್ಕೆ ಗುರುತಿಸಿದರೆ ಆರಂಭಕ್ಕೆ ಬೇಕಾದಷ್ಟಾಯಿತು. ಉಂಡೆಯಂಥ ಪೊರೈಟಿಸ್, ತಟ್ಟೆ–ಬಟ್ಟಲಿನಂಥ ಟರ್ಬಿನೇರಿಯಾ, ಕವಲೊಡೆದ ಅಕ್ರೋಪೋರಾ. ಮೊದಲೆರಡು ಹೂಳನ್ನು ಸ್ವಲ್ಪ ತಡೆದುಕೊಳ್ಳುತ್ತವೆ, ಮೂರನೆಯದು ಬಿಸಿಗೆ ಬೇಗ ಸೋಲುತ್ತದೆ.

ಬಿಸಿ ಅಂದಾಗ ಬಿಳಿಚುವಿಕೆಯ ವಿಷಯ ಬರುತ್ತದೆ. ನೀರು ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ ಒಂದು ಡಿಗ್ರಿ ಏರಿ ಕೆಲವು ವಾರ ಹಾಗೇ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತದೆ, ಬಿಳಿಯ ಅಸ್ಥಿ ಕಾಣುತ್ತದೆ. ಬಿಳಿಚಿತು ಅಂದರೆ ಸತ್ತಿತು ಅಂತಲ್ಲ. ನೀರು ಬೇಗ ತಣಿದರೆ ಚೇತರಿಸಿಕೊಳ್ಳುತ್ತದೆ. 1998, 2010, 2016ರಲ್ಲಿ ಭಾರತದ ಹವಳಗಳು ಹೀಗೆ ಪೆಟ್ಟು ತಿಂದವು. 2024ರ ಏಪ್ರಿಲ್‌ನಲ್ಲಿ ಜಗತ್ತಿನಾದ್ಯಂತ ಹಬ್ಬಿದ ನಾಲ್ಕನೇ ಬಿಳಿಚುವಿಕೆಯ ಘೋಷಣೆ ಆಯಿತು, ಲಕ್ಷದ್ವೀಪಕ್ಕೂ ಅದು ತಟ್ಟಿತು. ಬಿಸಿಯನ್ನು ಡಿಗ್ರಿ–ವಾರದಲ್ಲಿ ಅಳೆಯುತ್ತಾರೆ. ಒಂದು ಡಿಗ್ರಿ ಹೆಚ್ಚು ನಾಲ್ಕು ವಾರ ಇದ್ದರೆ 4. ಅಲ್ಲಿಂದ ಬಿಳಿಚುವ ಅಪಾಯ, 8 ದಾಟಿದರೆ ಸಾವು ಶುರು. ಹೈದರಾಬಾದಿನಲ್ಲಿರುವ ಕೇಂದ್ರದ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್ ಈ ಮುನ್ನೆಚ್ಚರಿಕೆಯನ್ನು ಪುಕ್ಕಟೆ ಕೊಡುತ್ತದೆ. ಮಾರ್ಚ್‌ನಿಂದ ಮೇವರೆಗೆ ಅದನ್ನು ತೆರೆದು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಬಣ್ಣ ಅಳೆಯಲು ಕೋರಲ್‌ವಾಚ್‌ನ ಪಟ್ಟಿ ಸಿಗುತ್ತದೆ, 1ರಿಂದ 6ರವರೆಗೆ ಮೆಟ್ಟಿಲು. ಅದನ್ನು ಹವಳದ ಪಕ್ಕಕ್ಕೇ ಹಿಡಿದು ಹೋಲಿಸಬೇಕು. ಮೇಲೆ ಬಂದು ಫೋಟೋ ನೋಡಿ ಹೇಳಿದರೆ ಆಗದು, ನೀರು ಕೆಂಪು ಬಣ್ಣವನ್ನು ಮೊದಲು ನುಂಗುತ್ತದೆ.

ಇದರ ಜೊತೆ ಕ್ಯೂಜಿಐಎಸ್ ತಂತ್ರಾಂಶದಲ್ಲಿ ನಕ್ಷೆ ಮಾಡುವುದು, ಆರ್ (R) ತಂತ್ರಾಂಶದಲ್ಲಿ ಲೆಕ್ಕ ಹಾಕುವುದು ಕಲಿತುಬಿಡಿ. ಎರಡೂ ಪುಕ್ಕಟೆ. ಡೈವಿಂಗ್ ಬಂದು ಆರ್ ಬಾರದವನಿಗಿಂತ, ಆರ್ ಬಂದು ಡೈವಿಂಗ್ ಬಾರದವನಿಗೆ ಕೆಲಸ ಬೇಗ ಸಿಗುತ್ತದೆ. ನಂಬಿ.

ಐದನೇ ಹೆಜ್ಜೆ: ಕಾನೂನು, ಮತ್ತು ಕಾನೂನಿನಾಚೆ ಇರುವ ಜನ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಎಲ್ಲ ಗಟ್ಟಿ ಹವಳಗಳೂ ಇವೆ. 2001ರಲ್ಲಿ ಸೇರಿದ್ದು. ಅಂದರೆ ಕಾಯ್ದೆಯ ಕಣ್ಣಿಗೆ ಹುಲಿಗೂ ಹವಳಕ್ಕೂ ಒಂದೇ ಅನುಸೂಚಿ. ಸತ್ತು ದಡಕ್ಕೆ ಬಂದ ತುಂಡನ್ನು ಮನೆಯ ಶೋಕೇಸಿಗೆ ಒಯ್ಯುವುದೂ ತೊಂದರೆ ತರುತ್ತದೆ. ಸಂಶೋಧನೆಗೆ ಮಾದರಿ ತೆಗೆಯಲು, ಧಾಮದೊಳಗೆ ಸರ್ವೆ ಮಾಡಲು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದೇ ಯೋಜನೆ ಬರೆಯಿರಿ.

ಸಮುದ್ರದಲ್ಲಿ ಧಾಮ ಘೋಷಿಸಲು ನೆಲದಲ್ಲಿಲ್ಲದ ಷರತ್ತುಗಳಿವೆ. ಕೇಂದ್ರದ ಒಪ್ಪಿಗೆ ಮೊದಲೇ ಬೇಕು. ಗಡಿ ಗುರುತಿಸಲು ನೌಕಾಪಡೆಯ ಜಲಮಾಪನ ಮುಖ್ಯಸ್ಥರನ್ನು ಕೇಳಬೇಕು. ಸ್ಥಳೀಯ ಮೀನುಗಾರರ ವೃತ್ತಿಗೆ ಧಕ್ಕೆ ಆಗದಂತೆ ಕ್ರಮ ತೆಗೆದುಕೊಳ್ಳಬೇಕು. ಈ ಮೂರನೆಯದು ಕಾಯ್ದೆಯಲ್ಲೇ ಇದೆ, ಯಾರ ದಯೆಯೂ ಅಲ್ಲ. 26ಎ ಕಲಂ ಓದಿಕೊಂಡು ಹೋಗಿ, ಊರಿನ ಸಭೆಯಲ್ಲಿ ಕೇಳಿದರೆ ಉತ್ತರ ಇರಲಿ. ಜೊತೆಗೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ, 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಎರಡನ್ನೂ ಒಮ್ಮೆ ಓದಿ.

ಊರಿನ ಸಭೆಯೆಂದರೆ ಖಾರ್ವಿ, ಹರಿಕಂತ್ರ, ಮೊಗೇರ, ಗಾಬಿತ, ಅಂಬಿಗ ಜನ. ಧಾಮ ಅಂದ ತಕ್ಷಣ ಅವರ ಮೊದಲ ಪ್ರಶ್ನೆ ಒಂದೇ: "ಬಲೆ ಬಿಡ್ಬಹುದಾ ಇಲ್ವಾ?" ಇದಕ್ಕೆ ಸುತ್ತಿ ಬಳಸಿ ಮಾತಾಡಬೇಡಿ. ಯಾವ ಭಾಗ, ಯಾವ ಬಲೆ, ಯಾವ ತಿಂಗಳು ಅಂತ ನೇರ ಹೇಳಿ. ಗೊತ್ತಿಲ್ಲದಿದ್ದರೆ ಕೇಳಿಕೊಂಡು ಬರುತ್ತೇನೆ ಅನ್ನಿ, ಮತ್ತು ನಿಜವಾಗಿ ಹೋಗಿ ಬನ್ನಿ. ಕಡಲ ದಂಡೆಯವರಿಗೆ ಸಿಟ್ಟು ಬರಲು ಕಾರಣಗಳಿವೆ. ನೌಕಾನೆಲೆಗೆ ಊರು ಬಿಟ್ಟವರಿದ್ದಾರೆ, ಟೊಂಕದಲ್ಲಿ ಬಂದರು ಯೋಜನೆಯ ಜಗಳ ನೋಡಿದವರಿದ್ದಾರೆ. ನಿಮ್ಮ ಸರ್ವೆಯನ್ನೂ ಅದೇ ಸಾಲಿಗೆ ಸೇರಿಸಿ ನೋಡಿದರೆ ತಪ್ಪು ತಿಳಿಯಬೇಡಿ.

ಮಾತು ಶುರು ಮಾಡಲು ಲಂಗರು ಒಳ್ಳೆಯ ವಿಷಯ. "ತಾಂಡೇಲ್ರೇ, ಆ ಬಂಡೆ ಹತ್ರ ಲಂಗರು ಎಲ್ಲಿ ಹಾಕ್ತೀರಿ?" ಅಂತ ಬೋಟು ನಡೆಸುವ ತಾಂಡೇಲರನ್ನು ಕೇಳಿ ನೋಡಿ. ಲಂಗರು ಬಿದ್ದ ಕಡೆ ಹವಳ ಒಡೆಯುತ್ತದೆ, ಅವರ ಲಂಗರೂ ಸಿಕ್ಕಿಹಾಕಿಕೊಂಡು ಕಳೆದುಹೋಗುತ್ತದೆ. ಲಂಗರಿನ ಬದಲು ಬೋಟು ಕಟ್ಟಲು ಕಾಯಂ ತೇಲುಬುರುಡೆ ಕಟ್ಟಿಸಿದರೆ ಇಬ್ಬರಿಗೂ ಲಾಭ. ಕೊಂಕಣಿ ನಾಲ್ಕು ಮಾತು ಬಂದರೆ ಕಾರವಾರ, ಅಂಕೋಲಾ ಕಡೆ ಬಾಗಿಲು ಇನ್ನೂ ಬೇಗ ತೆರೆಯುತ್ತದೆ. ದಡದಿಂದ ಎಳೆಯುವ ರಂಪಣಿ ಬಲೆಗೂ ಕಡಲ ತಳ ಗೋರುವ ಟ್ರಾಲ್ ಬೋಟಿಗೂ ವ್ಯತ್ಯಾಸ ಗೊತ್ತಿಲ್ಲದೆ ಬಂದರಿಗೆ ಮಾತ್ರ ಹೋಗಬೇಡಿ.

ಬಂಡೆಗೆ ಸಿಕ್ಕಿದ ಹಳೆ ಬಲೆ ತೆಗೆಯುವ ಅಭಿಯಾನಗಳಿಗೆ ಸೇರುವ ಅವಕಾಶ ಬರಬಹುದು. ಬಲೆಯನ್ನು ಎಳೆಯಬಾರದು, ಹವಳ ಸಮೇತ ಕಿತ್ತು ಬರುತ್ತದೆ. ಕತ್ತರಿಯಿಂದ ಸಣ್ಣ ಸಣ್ಣ ತುಂಡು ಮಾಡಿ ಬಿಡಿಸಬೇಕು. ಹವಳ ಬಲೆಯನ್ನು ಸುತ್ತಿಕೊಂಡು ಬೆಳೆದಿದ್ದರೆ ಆ ತುಂಡನ್ನು ಅಲ್ಲೇ ಬಿಡುವುದೇ ಸರಿ. ಇಲಾಖೆಗೆ ಹೇಳದೆ ಇದಕ್ಕೆ ಕೈ ಹಾಕಬೇಡಿ.

ಹವಳ ನೆಡುವ ಯೋಜನೆಗಳ ಬಗ್ಗೆಯೂ ಕೇಳುತ್ತಾರೆ. ತೂತ್ತುಕುಡಿಯ ಕಡೆ, ಗುಜರಾತಿನ ಮಿಥಾಪುರದಲ್ಲಿ ಇಂಥ ಕೆಲಸ ನಡೆದಿದೆ. ನಮ್ಮ ಮಳೆಗಾಲದ ಹೂಳಿನ ನೀರಿನಲ್ಲಿ ಅದಕ್ಕೆ ಖರ್ಚು ಮಾಡುವುದಕ್ಕಿಂತ ಇದ್ದದ್ದನ್ನು ಲಂಗರಿನಿಂದ ಉಳಿಸುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ.

ದುಡ್ಡು ಮತ್ತು ಮೊದಲ ಕೆಲಸ

ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪಾಸಾಗಿ ಜೆಆರ್‌ಎಫ್ (ಕಿರಿಯ ಸಂಶೋಧನಾ ವೇತನ) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ (2023ರ ದರ), ಜೊತೆಗೆ ಮನೆ ಬಾಡಿಗೆ ಭತ್ಯೆ. ಕೇಂದ್ರದ ಯೋಜನೆಗಳಲ್ಲಿ ಪ್ರಾಜೆಕ್ಟ್ ಅಸೋಸಿಯೇಟ್ ಆದರೆ 2020ರ ದರದಲ್ಲಿ ನೆಟ್ ಇಲ್ಲದವರಿಗೆ 25,000, ಇದ್ದವರಿಗೆ 31,000 ಇತ್ತು. ಸಂಸ್ಥೆಗಳಲ್ಲಿ ಇದಕ್ಕಿಂತ ಕಡಿಮೆ ಸಿಗುವುದೇ ಜಾಸ್ತಿ, ಒಪ್ಪಂದವೂ ಸಾಮಾನ್ಯವಾಗಿ ವರ್ಷದ್ದು. ಮನೆಯವರ ಹತ್ತಿರ ಇದನ್ನು ಮುಚ್ಚಿಡಬೇಡಿ. ಯೋಜನೆ ಮುಗಿದು ಮುಂದಿನದು ಸಿಗುವ ನಡುವೆ ಕೆಲವು ತಿಂಗಳು ಖಾಲಿ ಹೋಗುವುದು ಈ ಕ್ಷೇತ್ರದಲ್ಲಿ ಮಾಮೂಲು. ಅಷ್ಟು ದಿನಕ್ಕೆ ಆಗುವಷ್ಟು ಉಳಿಸಿಟ್ಟಿರಬೇಕು.

ಮೊದಲ ಅನುಭವಕ್ಕೆ ಕಡಲಾಮೆಯ ಕೆಲಸ ಎಲ್ಲಕ್ಕಿಂತ ಸುಲಭ. ಚಳಿಗಾಲದಲ್ಲಿ ಹೊನ್ನಾವರ, ಅಂಕೋಲಾ, ಕಾರವಾರದ ದಂಡೆಗಳಲ್ಲಿ ಅರಣ್ಯ ಇಲಾಖೆ ಮೊಟ್ಟೆ ಕಾಯುತ್ತದೆ. ಮರಿ ಹೊರಬರಲು 45ರಿಂದ 60 ದಿನ. ರಾತ್ರಿ ಗಸ್ತಿಗೆ ಜನ ಬೇಕೇ ಬೇಕು. ವಲಯ ಕಚೇರಿಗೆ ಹೋಗಿ ಒಂದು ಅರ್ಜಿ ಬರೆದು ಕೊಡಿ. ಗೂಡಿನ ಜಾಗ, ಮೊಟ್ಟೆಯ ಸಂಖ್ಯೆ, ಆಮೆಯ ಚಿಪ್ಪಿನ ಅಳತೆ ಬರೆದಿಡುವ ಶಿಸ್ತು ಇಲ್ಲೇ ಬರುತ್ತದೆ. ಇಲ್ಲಿನ ಅಧಿಕಾರಿಯ ಒಂದು ಪತ್ರ ಮುಂದೆ ಅಂಡಮಾನಿನ ಕೆಲಸಕ್ಕೂ ಉಪಯೋಗ.

ಅರ್ಜಿಯಲ್ಲಿ "ಪ್ರಕೃತಿ ಪ್ರೇಮಿ" ಅಂತ ಬರೆಯಬೇಡಿ, ಎಲ್ಲರೂ ಅದನ್ನೇ ಬರೆಯುತ್ತಾರೆ. ನೀವು ತುಂಬಿದ ಒಂದು ಡೇಟಾ ಹಾಳೆ, ನೀವೇ ಮಾಡಿದ ಒಂದು ನಕ್ಷೆ, ಬರುವ ಭಾಷೆಗಳು, ಬೋಟಿನಲ್ಲಿ ವಾಂತಿ ಆಗುತ್ತದೆಯೋ ಇಲ್ಲವೋ ಅನ್ನುವುದು ಅದರಲ್ಲಿರಲಿ. ಕೊನೆಯದನ್ನು ತಮಾಷೆಗೆ ಹೇಳಿದ್ದಲ್ಲ, ಸಂದರ್ಶನದಲ್ಲಿ ಕೇಳುತ್ತಾರೆ.

ಸಮಯದ ಲೆಕ್ಕವೂ ಇರಲಿ. ಅಕ್ಟೋಬರ್‌ನಿಂದ ಮೇವರೆಗೆ ನೀರಿನ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ, ಆಗ ಬಂದರಿನಲ್ಲಿ ತಾಂಡೇಲರು ಬಲೆ ಹೆಣೆಯುತ್ತ ಕೂತಿರುತ್ತಾರೆ, ಮಾತಿಗೆ ಬಿಡುವಿರುತ್ತದೆ. ನೀವು ಅದೇ ಹೊತ್ತಿಗೆ ಹಿಂದಿನ ಹಂಗಾಮಿನ ಲೆಕ್ಕ ಮುಗಿಸಿ. ಇಂಟರ್ನ್‌ಶಿಪ್ ಅರ್ಜಿ ಆಗಸ್ಟ್ ಒಳಗೆ ಹೋಗಲಿ. ಅಕ್ಟೋಬರ್‌ನಲ್ಲಿ ಕಳಿಸಿದರೆ ಬೋಟಿನ ಸೀಟು ತುಂಬಿರುತ್ತದೆ.